ಒಂದು ಮಾತ್ರೆಯ ಬೆನ್ನು ಹತ್ತಿ ಫಾರ್ಮಕಾಲಜಿ ಕಲಿಯುವುದು

ಮತ್ತಿಕೆರೆಯ ರಾಮಯ್ಯ ವೈದ್ಯಕೀಯ ಕಾಲೇಜು, ಕಾಡುಗೊಂಡನಹಳ್ಳಿಯ ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಜೊತೆಗೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಸುತ್ತಲಿನ ನರ್ಸಿಂಗ್ ಮತ್ತು ಫಾರ್ಮಸಿ ಕಾಲೇಜುಗಳು: ಬೆಂಗಳೂರಿನ ಉತ್ತರ ಭಾಗದಲ್ಲಿ ಔಷಧಗಳ ಬಗ್ಗೆ ಓದುವ ಮಕ್ಕಳು ಬಹಳ. ಎಂಬಿಬಿಎಸ್‌ನವರಿಗೆ ಎರಡನೇ ಹಂತದಲ್ಲಿ, ಬಿ.ಎಸ್ಸಿ. ನರ್ಸಿಂಗ್‌ನವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಫಾರ್ಮಕಾಲಜಿ ಎದುರಾಗುತ್ತದೆ. ದೇಶದಲ್ಲಿ 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ. ಕೋರ್ಸಂತೂ ನಿಂತಿರುವುದೇ ಇದರ ಮೇಲೆ. ಎಲ್ಲರ ಗೋಳೂ ಒಂದೇ, ಹೆಸರುಗಳು ತಲೆಯಲ್ಲಿ ನಿಲ್ಲುವುದಿಲ್ಲ. ಹೆಸರುಗಳಿಂದಲೇ ಶುರು ಮಾಡುವುದರಿಂದ ಹಾಗಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರತಿ ಗುಂಪಿನಿಂದ ಒಂದೇ ಒಂದು ಮಾತ್ರೆಯನ್ನು ಆರಿಸಿ, ಅದನ್ನು ನುಂಗಿದ ಒಬ್ಬ ರೋಗಿಯ ತನಕ ಬೆನ್ನು ಹತ್ತಿ ನೋಡಿ.

ಆಮ್ಲೊಡಿಪಿನ್ ತೆಗೆದುಕೊಳ್ಳೋಣ. ಬಿಪಿ ಮಾತ್ರೆ ಎಂದು ಮನೆಮನೆಯಲ್ಲೂ ಇರುವಂಥದ್ದು, 5 ಮಿಲಿಗ್ರಾಂ, ದಿನಕ್ಕೊಂದು. ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಬಿಗಿಯಾಗಬೇಕಾದರೆ ಅದರೊಳಗೆ ಕ್ಯಾಲ್ಸಿಯಂ ಹೋಗಬೇಕು. ಈ ಮಾತ್ರೆ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ.

ದಿನಕ್ಕೊಂದೇ ಏಕೆ? ರಕ್ತದಲ್ಲಿರುವ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಆಮ್ಲೊಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆ. ದಿನವೂ ನುಂಗುತ್ತಿದ್ದರೆ ನಾಲ್ಕೈದು ಅರ್ಧಾಯು ಕಳೆದ ಮೇಲೆ, ಅಂದರೆ ಹೆಚ್ಚುಕಡಿಮೆ ಒಂದು ವಾರದ ಹೊತ್ತಿಗೆ, ಒಳಬರುವುದೂ ಹೊರಹೋಗುವುದೂ ಸರಿಸಮವಾಗುತ್ತದೆ. ಮೊನ್ನೆ ಶುರು ಮಾಡಿ ಇವತ್ತು ಬಿಪಿ ಇಳಿದಿಲ್ಲವೆಂದು ಡೋಸ್ ಏರಿಸಲು ಅವಸರಪಡಬಾರದು ಎನ್ನುವುದು ಇದಕ್ಕೇ. ಥೈರಾಕ್ಸಿನ್‌ನ ಅರ್ಧಾಯು ಸುಮಾರು ಏಳು ದಿನ. ಡೋಸ್ ಬದಲಿಸಿ ಆರು ವಾರ ಕಾದು ಟಿಎಸ್ಎಚ್ ಪರೀಕ್ಷೆ ಮಾಡಿಸುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಒಂದು ಕಲ್ಪನೆ ಗಟ್ಟಿಯಾದರೆ ಹತ್ತು ಮಾತ್ರೆಗಳ ವೇಳಾಪಟ್ಟಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ವಾರ್ಡಿಗೆ ಬನ್ನಿ. "ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತೆ ಸಿಸ್ಟರ್" ಎಂದು ಅಜ್ಜಿಯೊಬ್ಬರು ಹೇಳಿದರೆ ಏನು ತಿಳಿಯಬೇಕು? ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇದೆಯೇ ಎಂದು ಮೊದಲು ನೋಡಲೇಬೇಕು. ಜೊತೆಗೆ ಮಾತ್ರೆಯನ್ನೂ ನೆನಪಿಸಿಕೊಳ್ಳಬೇಕು. ಆಮ್ಲೊಡಿಪಿನ್ ಕಿರು ಅಪಧಮನಿಗಳನ್ನು ಹಿಗ್ಗಿಸುವಷ್ಟು ಅಭಿಧಮನಿಗಳನ್ನು ಹಿಗ್ಗಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ, ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ದೇಹದಲ್ಲಿ ಉಪ್ಪು, ನೀರು ಹೆಚ್ಚಾಗಿ ಬಂದ ಊತ ಇದಲ್ಲ, ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಇದು ಗೊತ್ತಿಲ್ಲದೆ ಫ್ಯೂರೊಸೆಮೈಡ್ ಸೇರಿಸಿದರೆ ಪೊಟ್ಯಾಶಿಯಂ ಇಳಿಯುತ್ತದೆ, ಸುಸ್ತು, ಮೀನಖಂಡದ ಸೆಳೆತ ಶುರುವಾಗುತ್ತದೆ, ಅದಕ್ಕೆ ಮತ್ತೊಂದು ಔಷಧ ಬರುತ್ತದೆ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಔಷಧದ ಮೇಲೆ ಔಷಧ ಪೇರಿಸುವುದು ವಯಸ್ಸಾದವರಿಗೆ ನಿಜಕ್ಕೂ ಅಪಾಯ. ಡೋಸ್ ಇಳಿಸುವುದೋ, ಅಭಿಧಮನಿಗಳನ್ನೂ ಸಡಿಲಿಸುವ ಟೆಲ್ಮಿಸಾರ್ಟಾನ್‌ನಂಥದ್ದನ್ನು ಜೊತೆಗಿಡುವುದೋ ವೈದ್ಯರ ತೀರ್ಮಾನ. ಆ ತೀರ್ಮಾನಕ್ಕೆ ಬೇಕಾದ ಸುಳಿವು ಮಾತ್ರ ಹಾಸಿಗೆಯ ಪಕ್ಕ ನಿಂತ ವಿದ್ಯಾರ್ಥಿಗೂ ಸಿಗಬಲ್ಲದು.

ಕೇಳುವ ರೀತಿ ಗೊತ್ತಿರಬೇಕು, ಅಷ್ಟೆ. "ಅಮ್ಮಾ, ಈ ಮಾತ್ರೆ ಶುರು ಮಾಡಿದ್ಮೇಲೆ ಊತ ಬಂತಾ, ಮುಂಚೇನೇ ಇತ್ತಾ?" ಎಂಬ ಒಂದು ಪ್ರಶ್ನೆ ಎಷ್ಟೋ ಕೆಲಸ ಮಾಡುತ್ತದೆ. ಪಠ್ಯ ಇಂಗ್ಲಿಷಿನಲ್ಲಿದ್ದರೂ ತಲೆಸುತ್ತು, ಎದೆಯುರಿ, ಜೋಮು, ಉರಿಮೂತ್ರ ಎಲ್ಲ ಬರುವುದು ಕನ್ನಡದಲ್ಲಿ, ಆರ್.ಟಿ. ನಗರದ ಕಡೆ ಉರ್ದುವಿನಲ್ಲೂ ತಮಿಳಿನಲ್ಲೂ. ಮನೆಯಿಂದ ತಂದ ಮಾತ್ರೆಯ ಚೀಲವನ್ನು ಪೂರ್ತಿ ಸುರಿಸಿ ನೋಡಿ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗುತ್ತಿದ್ದಾರೆಯೇ ಎಂದೂ ಕೇಳಿ. ಕಾಫಿ, ಟೀ ಎರಡೂ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ.

ಲೆಕ್ಕದ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹತ್ತು ಕಿಲೋ ತೂಕದ ಮಗುವಿಗೆ ಜ್ವರ, ಕಿಲೋಗೆ 15 ಮಿಲಿಗ್ರಾಂನಂತೆ 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೇಕು ಎಂದುಕೊಳ್ಳಿ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿಲಿಲೀಟರ್. 250 ಇರುವುದಾದರೆ 3. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಬರೀ ಒಂದೂವರೆ. ಬಾಟಲಿ ಬದಲಾದದ್ದನ್ನು ಗಮನಿಸದೆ ಡ್ರಾಪ್ಸನ್ನೇ 6 ಮಿಲಿಲೀಟರ್ ಕುಡಿಸಿದರೆ ನಾಲ್ಕು ಪಟ್ಟು ಡೋಸ್. ಲೇಬಲ್ ಓದದೆ ಒಂದು ಹನಿಯೂ ಕೊಡಬೇಡಿ.

ಹೆಸರುಗಳನ್ನು ಆಮೇಲೆ ಹಿಡಿಯಿರಿ. ಕೊನೆಯಲ್ಲಿ 'ಪ್ರಿಲ್' ಇದ್ದರೆ ಒಣಕೆಮ್ಮು ಬರಬಹುದು, 'ಒಲಾಲ್' ಇದ್ದರೆ ಆಸ್ತಮಾ ಇದೆಯೇ ಎಂದು ಕೇಳಬೇಕು, 'ಪ್ರಜೋಲ್' ಇದ್ದರೆ ಊಟಕ್ಕೆ ಮುಂಚೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಇದೇ ಶಾಸ್ತ್ರ ಕಲಿಸುತ್ತಾರೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸುವುದು ಬೆಳಕಿಗೆ ಬಂದದ್ದು ಅದು ಮಾರುಕಟ್ಟೆಗೆ ಬಂದು ವರ್ಷಗಳಾದ ಮೇಲೆ. 2006ರಲ್ಲಿ ಭಾರತ ಅದರ ಪಶು ಬಳಕೆಯನ್ನು ನಿಷೇಧಿಸಿತು. ಮನುಷ್ಯರ ಔಷಧಗಳಲ್ಲೂ ಎಷ್ಟೋ ಅಡ್ಡಪರಿಣಾಮಗಳು ಹೀಗೆ ತಡವಾಗಿಯೇ ತಿಳಿಯುತ್ತವೆ, ಯಾರಾದರೂ ಗಮನಿಸಿ ಬರೆದು ತಿಳಿಸಿದರೆ. ಅದಕ್ಕೆಂದೇ 2010ರಿಂದ ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ, ಆ ವರದಿಯ ಫಾರಂ ತುಂಬುವುದನ್ನು ಓದುವಾಗಲೇ ಕಲಿತುಕೊಳ್ಳಿ. ರೋಗಿಗಳೂ ವರದಿ ಮಾಡಬಹುದು. ಉಚಿತ ಸಹಾಯವಾಣಿ 1800-180-3024.