ನಿಮಗಿದು ಗೊತ್ತೇ? ಇಲ್ಲಿ ಗಾಳಿಯೇ ಉಳಿ!

ಮಾಗಡಿ ತಾಲ್ಲೂಕಿನ ಕೆಂಪಾಪುರ ಗೊತ್ತಲ್ಲ? ನಾಡಪ್ರಭು ಕೆಂಪೇಗೌಡರ ಸಮಾಧಿ ಇರುವ ಊರು. ಶತಮಾನಗಳಿಂದ ಊರೊಳಗೇ ಇದ್ದ ಈ ಕಲ್ಲಿನ ಗುರುತು ಹೊರಜಗತ್ತಿಗೆ ಸಿಕ್ಕಿದ್ದು 2015ರಲ್ಲಿ! ಅಲ್ಲಿ ಕೆಲಸ ಮಾಡಿದ ಕಲ್ಲುಕುಟಿಗರ ಕೈಯಲ್ಲಿ ಇದ್ದದ್ದು ಚಾಣ, ಸುತ್ತಿಗೆ. ಒಂದು ಏಟಿಗೆ ಒಂದು ಚೂರು.

ಅದೇ ಸೀಮೆಯ ಚನ್ನಪಟ್ಟಣಕ್ಕೆ ಬನ್ನಿ, ಎಲ್ಲ ತಿರುವುಮುರುವು. ಇಲ್ಲಿ ಉಳಿ ಸುಮ್ಮನಿರುತ್ತದೆ, ಮರವೇ ಗಿರಗಿರ ತಿರುಗುತ್ತದೆ!

ಬೊಂಬೆಗೆ ಬಣ್ಣ ಬಳಿಯಲು ಬ್ರಷ್ ಬೇಕೇ ಬೇಕು ಅಂದುಕೊಂಡಿರಾ? ಬೇಡ! ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮೈತುಂಬ ಹರಡಿಕೊಳ್ಳುತ್ತದೆ. ಆಮೇಲೆ ಒಂದು ತುಂಡು ತಾಳೆಗರಿ ಒತ್ತಿದರೆ ಸಾಕು, ಕನ್ನಡಿ ಹೊಳಪು!

ಈ ಬೊಂಬೆಗಳಿಗೆ ಹೆಸರಾದ ಆಲೆಮರದ ಒಳಗು ದಂತದಂತೆ ಬಿಳಿ. ಎಲೆ ಕಿತ್ತರೆ ಒಸರುವುದು ಹಾಲು, ಅದೂ ಬಿಳಿ. ಆದರೆ ಅದೇ ಎಲೆಯಿಂದ ತೆಗೆಯಬಹುದಾದ ಬಣ್ಣ ನೀಲಿ!

ಚನ್ನಪಟ್ಟಣದ ಬೊಂಬೆಗಳ ಪಿತಾಮಹ ಎನ್ನಿಸಿಕೊಂಡ ಬವಾಸ್ ಮಿಯಾನ್ ಈ ಕಸುಬಿಗೆ ಬೆರೆಸಿದ್ದು ಜಪಾನಿನ ಅರಗಿನ ವಿದ್ಯೆ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಸಾಗಿದ್ದು ಇದೇ ಬೊಂಬೆಗಳು. ಅಂದು ಮುಖ್ಯ ಅತಿಥಿ ಬರಾಕ್ ಒಬಾಮ!

ಲೇತಿಗೆ ಒಂದು ಮಿತಿಯಿದೆ. ಅದರಿಂದ ಬರುವುದೆಲ್ಲ ದುಂಡಗೆ. ಬುಗುರಿ, ಬಳೆ, ಗಿಲಕಿ ಎಲ್ಲವೂ ದುಂಡು. ಹಕ್ಕಿಯ ಗರಿಯ ಎಳೆ ಬೇಕೇ? ಹೂವಿನ ದಳದ ಮಡಿಕೆ ಬೇಕೇ? ಮತ್ತೆ ಎಲ್ಲ ಅದಲುಬದಲು. ಈಗ ಮರ ನಿಲ್ಲಬೇಕು, ಉಳಿ ತಿರುಗಬೇಕು. ತಿರುಗಿಸುವುದು ಯಾರು? ಗಾಳಿ!

ಕಂಪ್ರೆಸರಿನ ಗಾಳಿಗೆ ಓಡುವ ಡೈ ಗ್ರೈಂಡರ್ ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಅಬ್ಬಾ ಅಂದಿರಾ? ತಡೆಯಿರಿ. ಕುಸುರಿ ಕೆಲಸದ ಪುಟ್ಟ ಗಾಳಿ ಟರ್ಬೈನ್ ನಿಮಿಷಕ್ಕೆ 3 ಲಕ್ಷ ಸುತ್ತು ದಾಟುತ್ತದೆ. ಸೆಕೆಂಡಿಗೆ 5,000! ನೋಡಲು ದಪ್ಪ ಪೆನ್ನಿನಷ್ಟು ಇರುತ್ತದೆ ಅಷ್ಟೇ.

ಇದನ್ನು ಮೊದಲು ಮಾಡಿದ್ದು ಮರಕ್ಕಲ್ಲ, ನಮ್ಮ ನಿಮ್ಮ ಹಲ್ಲಿಗೆ! ನ್ಯೂಜಿಲೆಂಡಿನ ಜಾನ್ ವಾಲ್ಶ್ ಗಾಳಿ ಟರ್ಬೈನಿನ ಹಲ್ಲು ಕೊರೆಯುವ ಯಂತ್ರಕ್ಕೆ 1949ರಲ್ಲೇ ಪೇಟೆಂಟ್ ಕೇಳಿದ್ದರು. ಅಮೆರಿಕದ ಜಾನ್ ಬೋರ್ಡನ್ 1957ರಲ್ಲಿ ಅದರ ವೇಗವನ್ನು ಲಕ್ಷಗಳಿಗೆ ಏರಿಸಿದರು. ಆ ‘ಕುಂಯ್’ ಸದ್ದು ಕೇಳಿದರೆ ಇವತ್ತಿಗೂ ಹಲ್ಲು ಜುಮ್ಮೆನ್ನುವುದು ಸುಮ್ಮನಲ್ಲ! ಈ ಟರ್ಬೈನುಗಳಿಗೆ ಹೆಸರಾದ ಎನ್‌ಎಸ್‌ಕೆ ಕಂಪನಿ ಎಲ್ಲಿಯದು ಹೇಳಿ? ಮತ್ತೆ ಅದೇ ಜಪಾನ್!

ಇಷ್ಟು ವೇಗಕ್ಕೆ ಎಷ್ಟು ಒತ್ತಡ ಬೇಕು? ಸುಮಾರು 35ರಿಂದ 40 ಪಿಎಸ್‌ಐ. ಕಾರಿನ ಟೈರಿಗೆ ಹೊಡೆಸುವಷ್ಟೇ ಸರಿಸುಮಾರು!

ಮೊಟ್ಟೆಯ ಚಿಪ್ಪಿನಲ್ಲೂ ಇದು ಜಾಲರಿ ಕೊರೆಯಬಲ್ಲದು. ಆದರೆ ಕೈ ಬಿಗಿಯಾಗಿ ಒತ್ತಿದಿರೋ, ಗಪ್ಪನೆ ನಿಂತುಬಿಡುತ್ತದೆ. ವೇಗ ಬೆಟ್ಟದಷ್ಟು, ಬಲ ಸಾಸಿವೆಯಷ್ಟು! ಸವರಿದಂತೆ ಓಡಿಸಬೇಕು. ನನ್ನನ್ನು ಕೇಳಿದರೆ, ಅವಸರದವರು ಇದರ ತಂಟೆಗೆ ಹೋಗದಿರುವುದೇ ವಾಸಿ.

ಇನ್ನೊಂದು ವಿಚಿತ್ರ. ತುದಿಗೆ ಕೊರೆಯುವ ಬಿಟ್ ಹಾಕದೆ ಖಾಲಿ ತಿರುಗಿಸಿದರೆ ಇದು ಕೆಡುತ್ತದೆ! ಬಿಟ್ಟಿನ ಕಡ್ಡಿ ಬರೀ 1.6 ಮಿಲಿಮೀಟರ್ ದಪ್ಪ. ಅದನ್ನು ಒಳಗೆ ಪೂರ್ತಿ ಕೂರಿಸದೆ ಚಾಲೂ ಮಾಡಿದರೆ ಬಾಗಿ ಹಾರಿಹೋಗಬಹುದು. ಕನ್ನಡಕವಿಲ್ಲದೆ ಕೂರಲೇಬೇಡಿ.

ಕರೆಂಟಿನ ಗ್ರೈಂಡರ್ ಓಡಿದಷ್ಟೂ ಕಾಯುತ್ತದೆ. ಗಾಳಿಯದ್ದು? ಓಡಿದಷ್ಟೂ ತಣ್ಣಗಾಗುತ್ತದೆ! ಬಿಗಿದಿಟ್ಟ ಗಾಳಿ ಒಮ್ಮೆಗೇ ಹಿಗ್ಗಿದಾಗ ಚಳಿ ಹುಟ್ಟುತ್ತದೆ, ಅದೇ ಕಾರಣ.

ಹಾಗಾದರೆ ಇದರ ಶತ್ರು ಯಾರು? ನೀರು! ಗಾಳಿಯನ್ನು ಹಿಂಡಿ ಟ್ಯಾಂಕಿಗೆ ತುಂಬಿ ತಣಿಸಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಸಂಜೆ ಕಂಪ್ರೆಸರ್ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವನ್ನು ಒಂದಿಷ್ಟು ತಿರುಗಿಸಿ ನೋಡಿ. ಬುಸ್ ಎನ್ನುತ್ತ ತುಕ್ಕು ಬಣ್ಣದ ನೀರು ಚಿಮ್ಮುತ್ತದೆ. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ, ಕೊನೆಗೆ ಬರೀ ಗಾಳಿ. ಅಲ್ಲಿಗೆ ಮುಚ್ಚಿ. ಇದನ್ನು ದಿನಾ ಮಾಡದಿದ್ದರೆ ಆ ನೀರು ಪೈಪು ಹಿಡಿದು ನೇರ ಬೇರಿಂಗಿಗೆ! ನಡುವೆ ಒಂದು ಫಿಲ್ಟರ್ ಇರಲಿ. ಅದರ ಬಟ್ಟಲಲ್ಲಿ ನಿಂತ ನೀರನ್ನೂ ಆಗಾಗ ಚೆಲ್ಲಿ.

ಎಣ್ಣೆಯ ಕಥೆ ಇನ್ನೂ ಮಜಾ. ಡೈ ಗ್ರೈಂಡರಿನ ಹೊಟ್ಟೆಯಲ್ಲಿ ತೆಳು ಪಟ್ಟಿಗಳು ಜಾರುತ್ತಿರುತ್ತವೆ. ಕೆಲಸಕ್ಕೆ ಮೊದಲು ಗಾಳಿ ಹೋಗುವ ಬಾಯಿಗೆ ಎರಡು ಮೂರು ಹನಿ ನ್ಯೂಮ್ಯಾಟಿಕ್ ಎಣ್ಣೆ ಬಿಡದಿದ್ದರೆ ಅವು ಕಚ್ಚಿಕೊಳ್ಳುತ್ತವೆ. ಅದರ ತಮ್ಮನಂಥ ಟರ್ಬೈನಿನಲ್ಲಿ ಎಣ್ಣೆಯೇ ಬೇಡದ ಮಾದರಿಗಳಿವೆ, ಅವಕ್ಕೆ ಎಣ್ಣೆ ಬಿಟ್ಟರೇ ಕೇಡು! ಕೊಂಡಾಗ ಬಂದ ಪುಸ್ತಕ ಓದಿ ಎನ್ನುವುದು ಇದಕ್ಕೇ. ಎಣ್ಣೆ ತುಂತುರು ಬಿದ್ದ ಮರಕ್ಕೆ ಪಾಲಿಶ್ ಕೂಡ ಸರಿಯಾಗಿ ಹಿಡಿಯುವುದಿಲ್ಲ.

ಪೈಪಿನಲ್ಲಿ ಗಾಳಿ ಸೋರುತ್ತಿದೆಯೇ? ಜೋಡಣೆಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಕಳ್ಳ ಸಿಕ್ಕಿಬಿದ್ದ! ಕಂಪ್ರೆಸರ್ ನುಂಗುವ ಕರೆಂಟಿನಲ್ಲಿ ಕೆಲಸವಾಗಿ ಕೈಗೆ ಬರುವುದೇ ಹತ್ತರಲ್ಲಿ ಒಂದೆರಡು ಪಾಲು. ಅದೂ ಸೋರಿದರೆ ಹೇಗೆ?

ಕೆತ್ತುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಬಿಡದಿ ಬಳಿಯ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನ ಕುಶಲಕರ್ಮಿ ತರಬೇತಿ ಸಂಸ್ಥೆ ಇದೆ. ಕಲ್ಲು, ಮರ, ಲೋಹ ಮೂರರ ಕೆತ್ತನೆಗೂ ಅಲ್ಲಿ ಗುರುಗಳುಂಟು! ಯಂತ್ರ ಆಮೇಲೆ, ಮೊದಲು ಕೈಗೆ ಉಳಿ ಒಗ್ಗಲಿ.

ಮರದ ಧೂಳು ನೋಡಲು ಪೌಡರ್. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಬಿಟ್ ಸಣ್ಣದಾದಷ್ಟೂ ಧೂಳು ನಯ, ನಯವಾದಷ್ಟೂ ಅದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಕೆಲಸ ಮುಗಿದ ಮೇಲೆ ಅದೇ ಗಾಳಿ ಪೈಪಿನಿಂದ ಅಂಗಿ ಝಾಡಿಸಿಕೊಳ್ಳುವ ಅಭ್ಯಾಸ ನಿಮಗಿದೆಯೇ? ಇಂದೇ ಬಿಡಿ. ಬಿಗಿದ ಗಾಳಿ ಚರ್ಮದ ಸಣ್ಣ ಗಾಯದಿಂದಲೂ ಮೈಯೊಳಗೆ ನುಗ್ಗಬಲ್ಲದು! ಅಂಗಿಗೆ ಬ್ರಷ್ ಸಾಕು.