‘ಹದ್ದುಬಸ್ತು’ ಎಂಬ ಶಬ್ದದ ವಿಚಾರ

ಮಕ್ಕಳನ್ನು ಹದ್ದುಬಸ್ತಿನಲ್ಲಿಡಬೇಕೆಂದು ಹಿರಿಯರು ನುಡಿಯುವುದನ್ನು ನಾವೆಲ್ಲರೂ ಕೇಳಿರುವೆವು. ಆದರೆ ಕಂದಾಯದ ಕಚೇರಿಗಳಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವುಂಟು. ಹೊಲವನ್ನು ಅಳೆದು, ಅದರ ಮೇರೆಯನ್ನು ಗೊತ್ತುಪಡಿಸುವ ಕಾರ್ಯವೇ ಹದ್ದುಬಸ್ತು.

ಇದು ಎರಡು ಭಾಷೆಗಳ ಕೂಡಿಕೆಯಾಗಿದೆ. ಅರಬ್ಬಿಯ ‘ಹದ್ದ್’ ಎಂದರೆ ಎಲ್ಲೆ; ಪಾರಸಿಯ ‘ಬಸ್ತ್’ ಎಂಬುದು ಕಟ್ಟುವುದೆಂಬರ್ಥದ ‘ಬಸ್ತನ್’ ಕ್ರಿಯಾಪದದಿಂದ ಬಂದುದು. ಎಲ್ಲೆ ಕಟ್ಟುವುದೆಂದೇ ತಾತ್ಪರ್ಯ. ‘ಬಂದೋಬಸ್ತು’ ಎಂಬಲ್ಲಿಯೂ ಇದೇ ‘ಬಸ್ತ್’ ಇರುವುದು; ‘ಸರಹದ್ದು’ ಎಂಬಲ್ಲಿ ಇದೇ ‘ಹದ್ದ್’.

ವ್ಯಂಜನಾಂತವಾದ ಈ ಪದಗಳಿಗೆ ಕನ್ನಡವು ಉಕಾರವನ್ನು ಸೇರಿಸಿ ತನ್ನದಾಗಿಸಿಕೊಂಡಿತು. ಎರಡು ಪದಗಳಿದ್ದರೂ ವಿಭಕ್ತಿಯು ಕೊನೆಯಲ್ಲಿ ಮಾತ್ರ ಹತ್ತುವುದು: ಹದ್ದುಬಸ್ತಿನ, ಹದ್ದುಬಸ್ತಿಗೆ, ಹದ್ದುಬಸ್ತಿನಲ್ಲಿ. ಆಕಾಶದಲ್ಲಿ ಹಾರುವ ಹದ್ದಿಗೂ ಇದಕ್ಕೂ ನಂಟಿಲ್ಲ. ಆ ಹಕ್ಕಿಯ ಹೆಸರು ತಮಿಳಿನ ‘ಪರುಂದು’ ಎಂಬುದರ ಬಂಧುವಾದ ದ್ರಾವಿಡ ಪದ. ಎರಡರ ವಿಭಕ್ತಿರೂಪಗಳೂ ಒಂದೇ ಆದುದರಿಂದ ಸಂದರ್ಭವೇ ಅರ್ಥವನ್ನು ತಿಳಿಸಬೇಕು.

ಹೊಲದ ಮಾತು ನಡತೆಯ ಮಾತಾಗುವುದು ನಮ್ಮಲ್ಲಿ ಮಾತ್ರವೇ ಅಲ್ಲ. ಲ್ಯಾಟಿನಿನ ‘ಲೀಮೆಸ್’ ಎಂದರೆ ಹೊಲಗಳ ನಡುವಣ ದಾರಿ. ಅದೇ ರೋಮ್ ಸಾಮ್ರಾಜ್ಯದ ಗಡಿಗೂ ಹೆಸರಾಯಿತು. ಇಂಗ್ಲಿಷಿನ ‘ಲಿಮಿಟ್’ ಅದರ ಸಂತತಿ.

ಚಿಂಚೋಳಿಯ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಗೊಳಪಟ್ಟು, ಉರ್ದುವೇ ಸರಕಾರದ ಭಾಷೆಯಾಗಿದ್ದುದರಿಂದ ಇಂತಹ ಪದಗಳು ಇಲ್ಲಿ ಚೆನ್ನಾಗಿ ಬಳಕೆಗೊಂಡವು. 1956ರ ನವೆಂಬರ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಒಂದೇ ಜಿಲ್ಲೆಯ ನೆರೆಹೊರೆಯವರ ನಡುವೆ ರಾಜ್ಯದ ಸರಹದ್ದು ಬಿದ್ದಿತು. 2014ರಿಂದ ಆಚೆಯ ಕಡೆ ತೆಲಂಗಾಣ.

ಇದನ್ನು ಬರಿಯ ಶಬ್ದವಿನೋದವೆಂದು ನಾವು ಬರೆಯಲಿಲ್ಲ. ಖರೀದಿಪತ್ರದಲ್ಲಿ ಮೂಡಣ, ಪಡುವಣ, ಬಡಗಣ, ತೆಂಕಣವೆಂದು ನಾಲ್ಕು ಎಲ್ಲೆಗಳನ್ನು ಬರೆದಿರುವರು, ಅದೇ ಚಕ್ಕುಬಂದಿ. ಅದನ್ನು ಓದಿ ತಿಳಿಯದೆ ರುಜು ಮಾಡಿದವಳು ತನ್ನ ಹೊಲವು ಎಲ್ಲಿಗೆ ಮುಗಿಯುವುದೆಂದು ಇತರರ ಬಾಯಿಂದ ಕೇಳಬೇಕಾಗುವುದು. ಸಂಶಯ ಬಂದಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಬಹುದು. ನೆರೆಯ ಹೊಲದವರಿಗೆ ತಿಳಿವಳಿಕೆ ಕೊಟ್ಟು, ಅವರ ಸಮಕ್ಷಮದಲ್ಲಿಯೇ ಅಳತೆ ನಡೆಯುವುದು. ಶಾಲೆಯಲ್ಲಿ ಕಲಿತ ಅಕ್ಷರವು ನಮ್ಮ ಹೆಣ್ಣುಮಕ್ಕಳಿಗೆ ಅಂದು ಒದಗಲಿ.