ಮಕ್ಕಳ ಕೆನ್ನೆ, ಕೈಕಾಲಿಗೆ ದಿಢೀರ್ ಗುಳ್ಳೆ: ಎಲ್ಲವೂ ‘ಅಮ್ಮ’ ಅಲ್ಲ, ಟ್ಯೂಬ್ ಹಚ್ಚೋ ಮುಂಚೆ ಓದಿ

ವಾರದ ಹಿಂದೆ ನೆಗಡಿ, ಸಣ್ಣ ಜ್ವರ ಬಂದು ಹೋಗಿರುತ್ತೆ. ಮಗು ಮತ್ತೆ ಆಡೋಕೆ ಶುರು ಮಾಡಿದೆ ಅನ್ನುವಷ್ಟರಲ್ಲಿ ಎರಡೂ ಕೆನ್ನೆ, ಮೊಣಕೈ, ಮೊಣಕಾಲು, ತೊಡೆ, ಕುಂಡಿ ಮೇಲೆ ಸಾಸಿವೆ ಕಾಳಿನಷ್ಟು, ಕೆಲವು ಕಡಲೆಬೇಳೆಯಷ್ಟು ದಪ್ಪದ ಗುಳ್ಳೆಗಳು. ಅಜ್ಜಿ ‘ಅಮ್ಮ ಆಗಿದೆ, ಸ್ನಾನ ಮಾಡಿಸಬೇಡಿ’ ಅಂತಾರೆ. ಪಕ್ಕದ ಮನೆಯವರು ಅಲರ್ಜಿ ಅಂತಾರೆ. ಅಪ್ಪ ಮೆಡಿಕಲ್ ಶಾಪಿಗೆ ಹೋಗಿ ಒಂದು ಟ್ಯೂಬ್ ತರ್ತಾರೆ.

ಇದು ಜಿಯಾನೊಟ್ಟಿ-ಕ್ರೋಸ್ಟಿ ಅನ್ನೋ ಸಮಸ್ಯೆ ಇರಬಹುದು. ಹೆಸರು ಬಾಯಿಗೆ ಬರೋದು ಕಷ್ಟ, ಆದರೆ ಕಾಯಿಲೆ ಅಷ್ಟು ಕೆಟ್ಟದ್ದಲ್ಲ. ಇಟಲಿಯ ಚರ್ಮವೈದ್ಯ ಜಿಯಾನೊಟ್ಟಿ 1955ರಲ್ಲಿ ಇದನ್ನು ಮೊದಲು ವಿವರಿಸಿದರು. ಹೆಚ್ಚಾಗಿ 1ರಿಂದ 6 ವರ್ಷದ ಮಕ್ಕಳಲ್ಲಿ ಕಾಣುತ್ತೆ. ಯಾವುದೋ ವೈರಸ್ ಸೋಂಕಿಗೆ ದೇಹ ತೋರಿಸುವ ಪ್ರತಿಕ್ರಿಯೆ ಇದು, ಚರ್ಮಕ್ಕೇ ಬಂದ ರೋಗ ಅಲ್ಲ. ಅಪರೂಪಕ್ಕೆ ಲಸಿಕೆ ನಂತರವೂ ಬರಬಹುದು. ಹಾಗಂತ ಮುಂದಿನ ಲಸಿಕೆ ತಪ್ಪಿಸಬಾರದು.

ಗುರುತು ಹಿಡಿಯೋದು ಹೇಗೆ? ಮಗುವಿನ ಅಂಗಿ ಬಿಚ್ಚಿ ನೋಡಿ. ಇದರಲ್ಲಿ ಬೆನ್ನು, ಹೊಟ್ಟೆ ಬಹುತೇಕ ಸ್ವಚ್ಛವಾಗಿರುತ್ತೆ. ಎಡಗೈಲಿ ಇದ್ದ ಹಾಗೇ ಬಲಗೈಲೂ ಇರುತ್ತೆ. ಚಿಕನ್ ಪಾಕ್ಸ್ ಆದರೆ ಹೊಟ್ಟೆ, ಬೆನ್ನಿನಲ್ಲೇ ಜಾಸ್ತಿ, ಒಳಗೆ ನೀರು ತುಂಬಿರುತ್ತೆ. ಬಾಯಲ್ಲಿ ಹುಣ್ಣು, ಅಂಗೈ-ಅಂಗಾಲಲ್ಲಿ ಗುಳ್ಳೆ ಇದ್ದರೆ ಅದು ಕೈ-ಕಾಲು-ಬಾಯಿ ರೋಗ. ರಾತ್ರಿ ಮನೆಮಂದಿಯೆಲ್ಲಾ ಕೆರೆದುಕೊಳ್ತಿದ್ದರೆ ಕಜ್ಜಿ. ಜೋರು ಜ್ವರ, ಕೆಮ್ಮು, ಕೆಂಪು ಕಣ್ಣಿನ ಜೊತೆ ಮುಖದಿಂದ ಕೆಳಕ್ಕೆ ಹರಡಿದರೆ ದಡಾರದ ಅನುಮಾನ. ಆಶಾ ಕಾರ್ಯಕರ್ತೆಗೆ ತಿಳಿಸಲೇಬೇಕು. ಇಷ್ಟೆಲ್ಲಾ ಗೊತ್ತಿದ್ದರೂ ಒಂದು ಸಲ ವೈದ್ಯರಿಗೆ ತೋರಿಸಿ ಖಾತ್ರಿ ಮಾಡ್ಕೊಳ್ಳೋದೇ ಸರಿ.

ಇದಕ್ಕೆ ಚಿಕಿತ್ಸೆ ಬಹುತೇಕ ಬೇಕಾಗಲ್ಲ. ಆದರೆ ತಾಳ್ಮೆ ಬೇಕು. ಸಾಮಾನ್ಯವಾಗಿ 2ರಿಂದ 8 ವಾರ ಹಿಡಿಯುತ್ತೆ, ಕೆಲವರಿಗೆ ಇನ್ನೂ ಹೆಚ್ಚು. ಹತ್ತು ದಿನ ಆದ್ರೂ ಹೋಗಿಲ್ಲ ಅಂತ ಡಾಕ್ಟರ್ ಬದಲಿಸುತ್ತಾ ಹೋಗೋದರಲ್ಲಿ ಅರ್ಥ ಇಲ್ಲ. ತಣ್ಣೀರು-ಬಿಸಿನೀರು ಬೆರೆಸಿ ದಿನಾ ಸ್ನಾನ ಮಾಡಿಸಬಹುದು. ತುರಿಕೆ ಇದ್ದರೆ ಕ್ಯಾಲಮೈನ್ ಲೋಷನ್ ಸಾಕು, ಉಗುರು ಕತ್ತರಿಸಿ. ಕಂದು ಕಲೆ ಸ್ವಲ್ಪ ದಿನ ಉಳಿದು ತಾನಾಗೇ ಮಾಸುತ್ತೆ. ಗುಳ್ಳೆ ಮುಟ್ಟಿದರೆ ಅಂಟಲ್ಲ. ಜ್ವರ ಇಲ್ಲದೆ ಮಗು ಚುರುಕಾಗಿದ್ದರೆ, ಇದೇ ಅಂತ ವೈದ್ಯರು ಹೇಳಿದ ಮೇಲೆ ಅಂಗನವಾಡಿಗೂ ಕಳಿಸಬಹುದು.

ನಿಜವಾದ ಅಪಾಯ ಇರೋದು ಆ ಟ್ಯೂಬಿನಲ್ಲಿ. ‘ಎಲ್ಲಾ ತುರಿಕೆಗೂ ಆಗುತ್ತೆ’ ಅಂತ ಕೊಡೋ ಹಲವು ಮುಲಾಮುಗಳಲ್ಲಿ ಕ್ಲೋಬೆಟಾಸಾಲ್‌ನಂಥ ಬಲವಾದ ಸ್ಟೀರಾಯ್ಡ್ ಜೊತೆ ಫಂಗಸ್, ಬ್ಯಾಕ್ಟೀರಿಯಾ ಔಷಧ ಬೆರೆತಿರುತ್ತೆ. ಮಗುವಿನ ಚರ್ಮ ತೆಳು. ವಾರಗಟ್ಟಲೆ ಹಚ್ಚಿದರೆ ಇನ್ನೂ ತೆಳುವಾಗುತ್ತೆ, ಬಿಳಿಚುತ್ತೆ, ಔಷಧ ದೇಹದೊಳಗೂ ಇಳಿಯುತ್ತೆ. ಗುಳ್ಳೆ ತಾನಾಗೇ ಹೋಗೋ ಹೊತ್ತಿಗೆ ಹೆಸರು ಮಾತ್ರ ಟ್ಯೂಬಿಗೆ ಬರುತ್ತೆ, ಮುಂದಿನ ಸಲ ಮತ್ತೆ ಅದನ್ನೇ ತರ್ತಾರೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಮೆಡಿಕಲ್ ಶಾಪಿನವರಿಗೆ ಇದು ಗೊತ್ತಿರೋ ವಿಷಯವೇ; ಗಿರಾಕಿ ಒತ್ತಾಯ ಮಾಡಿದಾಗಲೂ ಇಲ್ಲ ಅನ್ನಬೇಕಷ್ಟೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಕಣ್ಣು ಹಳದಿಯಾಗಿ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಲಿವರ್ ಪರೀಕ್ಷೆ ಬೇಕು, ಏಕೆಂದರೆ ಹೆಪಟೈಟಿಸ್ ಬಿ ಕೂಡ ಇದಕ್ಕೆ ಒಂದು ಕಾರಣ. ಹುಟ್ಟಿದಾಗಿನಿಂದ ಲಸಿಕೆ ಹಾಕಿಸಿದ್ದರೆ ಆ ಸಾಧ್ಯತೆ ತೀರಾ ಕಡಿಮೆ. ಗಾಜಿನ ಲೋಟ ಒತ್ತಿ ನೋಡಿದಾಗ ಕೆಂಪು-ನೇರಳೆ ಚುಕ್ಕೆ ಮಾಯವಾಗದೆ ಹಾಗೇ ಕಂಡರೆ, ಜ್ವರದ ಜೊತೆ ಮಗು ಮಂಕಾಗಿ ಮಲಗಿದ್ದರೆ, ಹಾಲು-ನೀರು ಬಿಟ್ಟಿದ್ದರೆ ರಾತ್ರಿಯಾದರೂ ಸರಿ, ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಚ್ಚಿದ ಟ್ಯೂಬ್ ಇದ್ದರೆ ಅದನ್ನೂ ಕೈಲಿ ಹಿಡ್ಕೊಂಡು ಹೋಗಿ, ವೈದ್ಯರು ಮೊದಲು ಕೇಳೋದೇ ಅದನ್ನ.